ಶಾಲೆಯ ಮೀಟಿಂಗಿಗೆ ನಾವೂ ಹೋಗೋಣ: ಅಮೆರಿಕದ ಕನ್ನಡ ಕೂಟಗಳಿಗೂ ಪೋಷಕರಿಗೂ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಪದಾಧಿಕಾರಿಗಳಿಗೆ, ವಾರಾಂತ್ಯದ ಕನ್ನಡ ಶಾಲೆ ನಡೆಸುವ ಸ್ನೇಹಿತರಿಗೆ, ಇಲ್ಲಿನ ಪಬ್ಲಿಕ್ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಎಲ್ಲ ಅಪ್ಪ-ಅಮ್ಮಂದಿರಿಗೆ, ಅಜ್ಜ-ಅಜ್ಜಿಯರಿಗೆ,

ನಮಸ್ಕಾರ.

ನಾನು ಭಾನುವಾರದ ಕನ್ನಡ ತರಗತಿಯಲ್ಲಿ ಪಾಠ ಹೇಳಿಕೊಡುವವಳು, ಇಬ್ಬರು ಮಕ್ಕಳ ತಾಯಿ. ಇಂಗ್ಲಿಷ್ ಸಾಲದ ನಮ್ಮ ಪೋಷಕರಿಗೆ ಶಾಲೆಯಲ್ಲಿ ದುಭಾಷಿ ಸಿಗಬೇಕು, ಶಾಲೆಯ ನಿರ್ಧಾರಗಳಲ್ಲಿ ನಾವೂ ಪಾಲ್ಗೊಳ್ಳಬೇಕು ಅನ್ನೋ ಮಾತನ್ನು ಕೂಟದ ಸಭೆಯಲ್ಲಿ ಎತ್ತಿದಾಗಲೆಲ್ಲ "ಅದು ಶಾಲೆಯವರ ಕೆಲಸ ಅಲ್ವಾ, ನಮಗ್ಯಾಕೆ" ಅಂತ ಉತ್ತರ ಬಂದಿದೆ. ಶಾಲೆಯವರನ್ನು ಕೇಳಿದರೆ "ನಿಮ್ಮ ಕಡೆಯವರು ಯಾರೂ ಬಂದು ಕೇಳಿಲ್ಲ" ಅಂತಾರೆ. ಹೀಗೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಕೂತಿದ್ದರೆ ನಷ್ಟ ಆಗೋದು ಮಕ್ಕಳಿಗೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೊದಲು ಕಣ್ಣಾರೆ ಕಂಡದ್ದು. ನಮ್ಮ ತರಗತಿಗೆ ಬರುವ ಒಬ್ಬ ಹುಡುಗಿ ಐದನೇ ಗ್ರೇಡಿನಲ್ಲಿದ್ದಾಳೆ, ಅವಳ ತಮ್ಮ ಒಂದನೇ ಗ್ರೇಡ್. ಅಪ್ಪ ರೆಸ್ಟೋರೆಂಟ್ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ, ಸಂಜೆ ಹೊತ್ತು ಅವರಿಗೆ ಬಿಡುವು ಅನ್ನೋದೇ ಇಲ್ಲ. ಅಮ್ಮನಿಗೆ ಅಂಗಡಿ, ಆಸ್ಪತ್ರೆ ಮಟ್ಟಿಗೆ ಇಂಗ್ಲಿಷ್ ಸಾಕಾಗುತ್ತದೆ, ಶಾಲೆಯ ಮಾತಿಗೆ ಸಾಲದು. ತಮ್ಮನ ಬಗ್ಗೆ ಮಾತಾಡಬೇಕು ಬನ್ನಿ ಅಂತ ಟೀಚರ್ ಕರೆಸಿದ್ದರು. ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋಗಿದ್ದು ನಾನು. ಬಾಗಿಲಲ್ಲಿ ಇಳಿಸಿ, ಪಾರ್ಕ್ ಮಾಡಿ, ಆಫೀಸಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವಷ್ಟರಲ್ಲಿ ಮಾತು ಅರ್ಧ ಆಗಿತ್ತು. ಚಿಕ್ಕ ಕುರ್ಚಿಯ ಮೇಲೆ ಅಮ್ಮ, ಪಕ್ಕದಲ್ಲಿ ಅಕ್ಕ, ಎದುರಿಗೆ ಟೀಚರ್ ಮತ್ತು ಇನ್ನೊಬ್ಬರು. ಮೇಜಿನ ಮೇಲೆ ಎರಡು ಹಾಳೆ. ಹುಡುಗನ ಮಾತು ಮತ್ತು ಓದಿನ ಬೆಳವಣಿಗೆಯನ್ನು ಪರೀಕ್ಷಿಸಬೇಕು, ವಿಶೇಷ ಶಿಕ್ಷಣ ಬೇಕಾಗಬಹುದೇ ಎಂದು ನೋಡಬೇಕು, ಅದಕ್ಕೆ ತಾಯಿಯ ಒಪ್ಪಿಗೆ ಬೇಕು. ಹತ್ತು ವರ್ಷದ ಮಗು ಇದನ್ನೆಲ್ಲ ಹೇಗೆ ಅನುವಾದ ಮಾಡೀತು? "ಅಮ್ಮಾ, ಅವನಿಗೊಂದು ಟೆಸ್ಟ್ ಮಾಡ್ತಾರಂತೆ, ಸೈನ್ ಹಾಕು" ಅಂದಳು. "ಯಾಕಂತೆ? ಏನಾಗಿದೆಯಂತೆ ಅವನಿಗೆ?" ಎಂದು ತಾಯಿ ಕೇಳಿದರು. ಹುಡುಗಿ ಟೀಚರ್ ಮುಖ ನೋಡಿದಳು, ಆ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಲೇ ಇಲ್ಲ. ತಾಯಿ ಪೆನ್ನು ತೆಗೆದುಕೊಂಡರು.

ನಾನು ಅಷ್ಟಕ್ಕೇ ನಿಲ್ಲಿಸಿ ಅಂದೆ. ಕನ್ನಡದ ದುಭಾಷಿ ಬೇಕು, ಅವರು ಸಿಕ್ಕಿದ ಮೇಲೆ ಮತ್ತೆ ಕೂರೋಣ ಎಂದು ಕೇಳಿಕೊಂಡೆ. ಟೀಚರ್ ಒಳ್ಳೆಯವರು, ಮುಖ ಸಿಂಡರಿಸಲಿಲ್ಲ. ಅವರಿಗೆ ಹಾಗೊಂದು ಸೌಲಭ್ಯ ಕೇಳಬಹುದು ಅನ್ನೋದೇ ಹೊಳೆದಿರಲಿಲ್ಲ. ಮುಂದಿನ ಸಲ ಫೋನಿನಲ್ಲಿ ಕನ್ನಡದ ದುಭಾಷಿ ಇದ್ದರು. ಆಗ ತಾಯಿ ಬಾಯಿಬಿಟ್ಟು ಮಾತಾಡಿದರು. ಹುಡುಗ ಕನ್ನಡವನ್ನೂ ತಡವಾಗಿ ಕಲಿತದ್ದು, ಮೂರು ವರ್ಷ ಆಗುವವರೆಗೂ ಎರಡು ಪದ ಸೇರಿಸಿ ಹೇಳುತ್ತಿರಲಿಲ್ಲ ಅನ್ನೋದು, ಈಗಲೂ ಅಜ್ಜಿ ಜೊತೆ ವಿಡಿಯೋ ಕಾಲಿನಲ್ಲಿ ಬೆರಳು ತೋರಿಸಿಯೇ ಜಾಸ್ತಿ ಹೇಳುತ್ತಾನೆ ಅನ್ನೋದು, ಎಲ್ಲ ಆಚೆ ಬಂತು. ಪರೀಕ್ಷೆ ಮಾಡುವವರಿಗೆ ಬೇಕಾಗಿದ್ದದ್ದು ಇದೇ ಮಾಹಿತಿ. ಮಗು ಹಿಂದೆ ಬಿದ್ದಿರೋದು ಇಂಗ್ಲಿಷ್ ಹೊಸದಾಗಿರೋದರಿಂದಲೋ, ಮಾತಿನಲ್ಲೇ ತೊಂದರೆ ಇದೆಯೋ ಎಂದು ತೀರ್ಮಾನ ಮಾಡಲು ಮನೆಮಾತಿನ ಕತೆ ಗೊತ್ತಿರಲೇಬೇಕು. ಅದನ್ನು ಹೇಳಬಲ್ಲವರು ತಾಯಿ ಒಬ್ಬರೇ. ಮೊದಲ ದಿನ ಸಹಿ ಬಿದ್ದಿದ್ದರೆ ಯಾರೂ ಆ ಪ್ರಶ್ನೆಯನ್ನು ಅವರ ಹತ್ತಿರ ಕೇಳುತ್ತಿರಲಿಲ್ಲ.

ಇದು ಯಾರೋ ದಯೆಯಿಂದ ಮಾಡಿಕೊಟ್ಟದ್ದಲ್ಲ, ಕಾನೂನಿನಲ್ಲೇ ಇದೆ. ವಿಶೇಷ ಶಿಕ್ಷಣದ ಫೆಡರಲ್ ನಿಯಮ ಹೇಳುವಂತೆ ಒಪ್ಪಿಗೆ ಎಂದರೆ ಪೋಷಕರಿಗೆ ಅವರ ತಾಯ್ನುಡಿಯಲ್ಲಿ ಪೂರ್ತಿ ವಿಷಯ ತಿಳಿಸಿದ ಮೇಲೆ ಪಡೆದ ಒಪ್ಪಿಗೆ. ಐಇಪಿ, ಅಂದರೆ ವಿಶೇಷ ಶಿಕ್ಷಣದ ಮಗುವಿಗೆಂದೇ ಬರೆಯುವ ಕಲಿಕೆಯ ಯೋಜನೆಯ ಸಭೆಯಲ್ಲಿ ನಡೆಯೋದು ಪೋಷಕರಿಗೆ ಅರ್ಥವಾಗುವಂತೆ ನೋಡಿಕೊಳ್ಳುವುದು, ಬೇಕಾದರೆ ದುಭಾಷಿಯನ್ನು ಕರೆಸುವುದು ಶಾಲೆಯ ಹೊಣೆ. ಖರ್ಚೂ ಅವರದೇ.

ಇನ್ನು ಇದಕ್ಕಿಂತ ದೊಡ್ಡ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಬಹಳ ಜನರಿಗೆ ಶಾಲೆ ಎಂದರೆ ಗ್ರೇಡು, ಮ್ಯಾಥ್ಸ್ ಕ್ಲಾಸು, ಗಿಫ್ಟೆಡ್ ಟೆಸ್ಟು. ಶಾಲೆ ನಡೆಸುವ ರೀತಿಯಲ್ಲಿ ಮನೆಯವರಿಗೆ ಪಾಲು ಇದೆ ಎನ್ನುವ ಕಾನೂನು ಇಲ್ಲಿ ಬಹಳ ವರ್ಷದಿಂದ ಇದೆ ಅನ್ನೋದು ಗೊತ್ತಿಲ್ಲ. ಬಡ ಮಕ್ಕಳ ಓದಿಗೆಂದು 1965ರಲ್ಲಿ ಬಂದ ಫೆಡರಲ್ ಶಿಕ್ಷಣ ಕಾಯ್ದೆಯ ಟೈಟಲ್ ಒನ್ ಹಣ ಇದೆಯಲ್ಲ, ಅದರ ಜೊತೆಗೇ ಈ ಕತೆಯೂ ಬೆಳೆದಿದೆ. 1970ರ ದಶಕದಲ್ಲಿ ಆ ಹಣ ಪಡೆಯುವ ಕಡೆ ಪೋಷಕರೇ ಹೆಚ್ಚಿರುವ ಸಲಹಾ ಸಮಿತಿ ಕಡ್ಡಾಯವಾಗಿತ್ತು. 1981ರಲ್ಲಿ ಆ ಕಡ್ಡಾಯ ಹೋಯಿತು. 1994ರಲ್ಲಿ ಬೇರೆ ರೂಪದಲ್ಲಿ ಮರಳಿತು: ಶಾಲೆ-ಪೋಷಕರ ನಡುವೆ ಒಂದು ಒಪ್ಪಂದದ ಪತ್ರ, ಮತ್ತು ಈ ಕೆಲಸಕ್ಕೆಂದೇ ಎತ್ತಿಡುವ ಹಣ. 2015ರ ಡಿಸೆಂಬರಿನಲ್ಲಿ ಒಬಾಮ ಸಹಿ ಹಾಕಿದ ಎಸ್ಸಾ ಕಾಯ್ದೆಯಲ್ಲಿ, ಅಂದರೆ ಆ 1965ರ ಕಾಯ್ದೆಯ ಈಗಿನ ರೂಪದಲ್ಲಿ, ಅದು ಸೆಕ್ಷನ್ 1116. ಅಲ್ಲಿ ಪೋಷಕರ ಜೊತೆಗೆ ಕುಟುಂಬವೂ ಸೇರಿದೆ, ಅಂದರೆ ಮಗುವನ್ನು ನೋಡಿಕೊಳ್ಳುವ ಅಜ್ಜಿಯೂ ಹೊರಗಿನವರಲ್ಲ.

ಆ ಸೆಕ್ಷನ್ ಓದಲು ಕಷ್ಟ ಇಲ್ಲ. ಐದು ಲಕ್ಷ ಡಾಲರ್‌ಗಿಂತ ಜಾಸ್ತಿ ಟೈಟಲ್ ಒನ್ ಹಣ ಪಡೆಯುವ ಡಿಸ್ಟ್ರಿಕ್ಟು (ಒಂದು ಪ್ರದೇಶದ ಪಬ್ಲಿಕ್ ಶಾಲೆಗಳನ್ನು ನಡೆಸುವ ಸಂಸ್ಥೆ) ಅದರಲ್ಲಿ ಕನಿಷ್ಠ ಶೇ. 1ರಷ್ಟನ್ನು ಕುಟುಂಬಗಳನ್ನು ಒಳಗೊಳ್ಳುವ ಕೆಲಸಕ್ಕೆ ಎತ್ತಿಡಬೇಕು. ಅದರಲ್ಲಿ ಕನಿಷ್ಠ ಶೇ. 90 ಶಾಲೆಗಳಿಗೇ ಹೋಗಬೇಕು. ಇಪ್ಪತ್ತು ಲಕ್ಷ ಡಾಲರ್ ಬರುವ ಡಿಸ್ಟ್ರಿಕ್ಟ್ ಆದರೆ ಇಪ್ಪತ್ತು ಸಾವಿರ ಎತ್ತಿಡಬೇಕು, ಅದರಲ್ಲಿ ಹದಿನೆಂಟು ಸಾವಿರ ಶಾಲೆಗಳಿಗೆ. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನೋ ನಿರ್ಧಾರದಲ್ಲಿ ಪೋಷಕರು ಇರಬೇಕು. ಕುಟುಂಬಗಳನ್ನು ಹೇಗೆ ಒಳಗೊಳ್ಳುತ್ತೇವೆ ಎಂದು ಹೇಳುವ ಶಾಲೆಯ ನೀತಿಪತ್ರವನ್ನು ಪೋಷಕರ ಜೊತೆ ಕೂತು ಬರೆಯಬೇಕು. ವರ್ಷಕ್ಕೊಂದು ಸಭೆ ಕರೆಯಲೇಬೇಕು, ಉಳಿದ ಸಭೆಗಳನ್ನು ಬೆಳಿಗ್ಗೆಯೋ ಸಂಜೆಯೋ ಜನರಿಗೆ ಅನುಕೂಲವಾದ ಹೊತ್ತಿಗೆ ಇಡಬೇಕು, ಬೇಕಿದ್ದರೆ ಓಡಾಟದ ಖರ್ಚು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ, ಮನೆಗೇ ಬಂದು ಭೇಟಿ ಮಾಡೋದು ಎಲ್ಲಕ್ಕೂ ಆ ಹಣ ಬಳಸಬಹುದು. ಸಾಧ್ಯವಾದಷ್ಟೂ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು. ಡಿಸ್ಟ್ರಿಕ್ಟಿನ ಟೈಟಲ್ ಒನ್ ಯೋಜನೆ ಪೋಷಕರಿಗೆ ಒಪ್ಪಿಗೆ ಆಗದಿದ್ದರೆ ಅವರ ಆಕ್ಷೇಪಣೆಗಳನ್ನು ಯೋಜನೆಯ ಜೊತೆಗೇ ರಾಜ್ಯಕ್ಕೆ ಕಳಿಸಬೇಕು. ಈ ಕೊನೆಯ ಮಾತನ್ನು ದಯವಿಟ್ಟು ಇನ್ನೊಂದು ಸಲ ಓದಿ. ನೀವು ಬರೆದುಕೊಟ್ಟ ತಕರಾರನ್ನು ಡ್ರಾಯರಿನಲ್ಲಿ ಇಟ್ಟುಕೊಳ್ಳಲು ಡಿಸ್ಟ್ರಿಕ್ಟಿಗೆ ಅಧಿಕಾರ ಇಲ್ಲ.

ಕಾನೂನು ವಾಷಿಂಗ್ಟನ್ನಿನದು, ಜಾರಿ ಮಾಡುವ ಕೆಲಸ ರಾಜ್ಯದ್ದು. ಡಿಸ್ಟ್ರಿಕ್ಟುಗಳ ನೀತಿ ಮತ್ತು ನಡವಳಿಕೆ ಸರಿಯಿದೆಯೇ ಎಂದು ರಾಜ್ಯದ ಶಿಕ್ಷಣ ಇಲಾಖೆ ಪರಿಶೀಲಿಸಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸ ಶುರುವಾಗೋದು ಇಲ್ಲಿಂದಲೇ, ನಮ್ಮ ಜನ ಹೆಚ್ಚಿರುವ ಕೆಲವು ಕಡೆಯ ಸಂಗತಿ ಹೇಳುತ್ತೇನೆ.

ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ್ದೇ ಗಟ್ಟಿ ವ್ಯವಸ್ಥೆ ಇದೆ. 2013ರಲ್ಲಿ ಶಾಲಾ ಹಣಕಾಸಿನ ಪದ್ಧತಿ ಬದಲಾದಾಗ ಪ್ರತಿ ಡಿಸ್ಟ್ರಿಕ್ಟೂ ಎಲ್‌ಕ್ಯಾಪ್ ಎಂಬ ಯೋಜನೆ ಬರೆಯಬೇಕು ಎಂದಾಯಿತು, ಅದರ ಎಂಟು ಆದ್ಯತೆಗಳಲ್ಲಿ ಪೋಷಕರ ಭಾಗವಹಿಸುವಿಕೆ ಒಂದು. ಪೋಷಕರ ಸಲಹಾ ಸಮಿತಿ ಏನಾದರೂ ಅಭಿಪ್ರಾಯ ಕೊಟ್ಟರೆ ಡಿಸ್ಟ್ರಿಕ್ಟಿನ ಮುಖ್ಯಸ್ಥರಾದ ಸೂಪರಿಂಟೆಂಡೆಂಟ್ ಬರವಣಿಗೆಯಲ್ಲಿ ಉತ್ತರ ಕೊಡಬೇಕು. ಬಾಯಿಮಾತಿನ "ನೋಡೋಣ" ಅಲ್ಲಿ ನಡೆಯೋದಿಲ್ಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು 21 ಅಥವಾ ಜಾಸ್ತಿ ಇದ್ದರೆ ಅವರ ಪೋಷಕರ ಸಮಿತಿ ಇರಬೇಕು, ಡಿಸ್ಟ್ರಿಕ್ಟಿನಲ್ಲಿ 51 ಅಥವಾ ಜಾಸ್ತಿ ಇದ್ದರೆ ಡಿಸ್ಟ್ರಿಕ್ಟ್ ಮಟ್ಟದಲ್ಲೂ ಇರಬೇಕು. ಒಂದು ಶಾಲೆಯಲ್ಲಿ ಶೇ. 15 ಮಕ್ಕಳ ಮನೆಮಾತು ಒಂದೇ ಆಗಿದ್ದರೆ ಮನೆಗೆ ಕಳಿಸುವ ನೋಟಿಸುಗಳು ಆ ಭಾಷೆಯಲ್ಲೂ ಇರಬೇಕು. ಕನ್ನಡಕ್ಕೆ ಆ ಶೇ. 15 ಮುಟ್ಟೋದು ಕಷ್ಟ. ಆದರೆ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು ಎಂದು ಫೆಡರಲ್ ನಾಗರಿಕ ಹಕ್ಕು ಕಾಯ್ದೆ ಶಾಲೆಗಳ ಮೇಲೆ ಹೊರಿಸುವ ಹೊಣೆಗೆ ಆ ಮಿತಿ ಇಲ್ಲ, ಒಬ್ಬರೇ ಕನ್ನಡದ ತಾಯಿ ಇದ್ದರೂ ಅವರು ಕೇಳಬಹುದು.

ಟೆಕ್ಸಾಸಿನಲ್ಲಿ ಇಡೀ ರಾಜ್ಯದ ಟೈಟಲ್ ಒನ್ ಕುಟುಂಬ ಕಾರ್ಯಕ್ರಮದ ಮಾರ್ಗದರ್ಶನವನ್ನು ಅಮರಿಲ್ಲೋದಲ್ಲಿರುವ 16ನೇ ವಲಯದ ಶಿಕ್ಷಣ ಸೇವಾ ಕೇಂದ್ರಕ್ಕೆ ವಹಿಸಿದ್ದಾರೆ. ಅಲ್ಲಿಂದ ಮಾದರಿ ನೀತಿಪತ್ರ, ತರಬೇತಿ ಎಲ್ಲ ಬರುತ್ತದೆ. ಡಲ್ಲಾಸ್, ಹ್ಯೂಸ್ಟನ್ ಕಡೆಯ ನಮ್ಮವರಿಗೆ ಇನ್ನೊಂದು ಮುಖ್ಯ ವಿಷಯ: ಇಂಗ್ಲಿಷ್ ಕಲಿಯುವ ಮಗುವನ್ನು ಯಾವ ಕಾರ್ಯಕ್ರಮಕ್ಕೆ ಹಾಕಬೇಕು, ಯಾವಾಗ ಹೊರಗೆ ತರಬೇಕು ಎಂದು ನೋಡುವ ಎಲ್‌ಪ್ಯಾಕ್ ಸಮಿತಿಯಲ್ಲಿ ಅಂಥ ಮಗುವಿನ ಪೋಷಕರೊಬ್ಬರು ಸದಸ್ಯರಾಗಿರಬೇಕು. ಆ ಜಾಗಕ್ಕೆ ನಮ್ಮವರು ಯಾಕೆ ಹೆಸರು ಕೊಡಬಾರದು?

ಮ್ಯಾಸಚೂಸೆಟ್ಸ್ ಮಾಡಿರೋದು ನನಗೆ ತುಂಬ ಹಿಡಿಸಿದ್ದು. ಅಲ್ಲಿ ಟೀಚರ್‌ಗಳ ಕೆಲಸವನ್ನು ಅಳೆಯುವ ನಾಲ್ಕು ಮಾನದಂಡಗಳಲ್ಲಿ ಒಂದು ಕುಟುಂಬ ಮತ್ತು ಸಮುದಾಯದ ಜೊತೆಗಿನ ಒಡನಾಟ. ಅಂದರೆ ಮನೆಯವರ ಜೊತೆ ಮಾತಾಡೋದು ಟೀಚರ್ ಪುರುಸೊತ್ತು ಆದಾಗ ಮಾಡುವ ಉಪಕಾರ ಆಗಿ ಉಳಿಯೋದಿಲ್ಲ, ಅವರ ಕೆಲಸದ ಭಾಗ ಆಗುತ್ತದೆ. ಇಂಗ್ಲಿಷ್ ಕಲಿಯುವ ಮಕ್ಕಳ ಬಗ್ಗೆ ಆ ರಾಜ್ಯ 2017ರಲ್ಲಿ ತಂದ ಲುಕ್ ಕಾಯ್ದೆಯಿಂದ, ಡಿಸ್ಟ್ರಿಕ್ಟಿನಲ್ಲಿ ಅಂಥ ಮಕ್ಕಳು 100 ಇದ್ದರೆ ಅಥವಾ ಶೇ. 5 ಇದ್ದರೆ ಅವರ ಪೋಷಕರದ್ದೇ ಸಲಹಾ ಮಂಡಳಿ ಬೇಕು. ಕನೆಕ್ಟಿಕಟ್ಟಿನಲ್ಲಿ ಹಿಂದುಳಿದ ಶಾಲೆಗಳಿಗೆ 2010ರಿಂದ ಆಡಳಿತ ಮಂಡಳಿಗಳಿವೆ, ಅವುಗಳಲ್ಲಿ ಪೋಷಕರು ಏಳು ಮಂದಿ, ಟೀಚರ್‌ಗಳು ಐದು ಮಂದಿ. ನ್ಯೂಯಾರ್ಕ್ ನಗರದ ಶಾಲಾ ನಾಯಕತ್ವ ತಂಡಗಳಲ್ಲಿ ಪೋಷಕರೂ ಸಿಬ್ಬಂದಿಯೂ ಸಮ ಸಮ.

ಫೆಡರಲ್ ಕಾಯ್ದೆಯಲ್ಲಿ ಈ ಥರದ ಸಂಖ್ಯೆ ಇಲ್ಲ. ಜೊತೆಯಾಗಿ ಮಾಡಿ ಎಂದಷ್ಟೇ ಹೇಳಿ ಬಿಟ್ಟಿದೆ. ಊರಲ್ಲಿ ಹಾಗಲ್ಲ ನೋಡಿ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಎಸ್‌ಡಿಎಂಸಿ 2001ರಲ್ಲೇ ಬಂತು, ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಅಂಥ ಸಮಿತಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟಾರೆ ಅರ್ಧದಷ್ಟು ಹೆಂಗಸರು ಇರಬೇಕು ಎಂದು ಲೆಕ್ಕ ಬರೆದೇ ಇಟ್ಟಿತು. ಇಲ್ಲಿರುವ ನಮ್ಮಲ್ಲಿ ಕೆಲವರ ಅಪ್ಪ, ಚಿಕ್ಕಪ್ಪ, ಅತ್ತಿಗೆಯಂದಿರು ಆ ಸಮಿತಿಗಳಲ್ಲಿ ಕೂತವರು. ಕಾಂಪೌಂಡ್ ಗೋಡೆಗೆ, ಬಿಸಿಯೂಟದ ಬೇಳೆಗೆ, ಬಾರದ ಮೇಷ್ಟ್ರಿಗೆ ಹೆಡ್‌ಮಾಸ್ಟರ್ ಹತ್ತಿರ ವಾದ ಮಾಡಿದವರು. ಅಂಥ ಮನೆಗಳಿಂದ ಬಂದ ನಾವು ಇಲ್ಲಿ ಹಿಂದಿನ ಸಾಲಿನಲ್ಲಿ ಕೂತು, ಮಾತಾಡದೆ ಎದ್ದು ಬರುತ್ತೇವೆ.

ಇನ್ನು ರಾಜ್ಯಗಳ ಮೇಲೆ ನನ್ನ ದೂರು ಏನು ಅಂದರೆ, ಪರಿಶೀಲನೆ ಎಂಬುದು ಕಾಗದದಲ್ಲೇ ಮುಗಿದುಹೋಗುತ್ತಿದೆ. ಡಿಸ್ಟ್ರಿಕ್ಟಿನಿಂದ ಸಾಕ್ಷಿಯಾಗಿ ಸಾಮಾನ್ಯವಾಗಿ ತರಿಸಿಕೊಳ್ಳೋದು ಸಭೆಯ ಅಜೆಂಡಾ, ಬಂದವರ ಸಹಿ ಹಾಕಿದ ಹಾಳೆ, ನೀತಿಪತ್ರದ ಪ್ರತಿ. ನಾನು ಹೋಗಿದ್ದ ಒಂದು ವಾರ್ಷಿಕ ಸಭೆಯಲ್ಲಿ ಬಾಗಿಲಲ್ಲೇ ಸಹಿ ಹಾಳೆ ಇತ್ತು. ಒಳಗೆ ಸ್ಲೈಡ್‌ಗಳನ್ನು ಓದಿದರು, ಇಂಗ್ಲಿಷಿನಲ್ಲಿ, ಬೇಗ ಬೇಗ. ಪೋಷಕರ ಜೊತೆ ಕೂತು ಬರೆಯಬೇಕಾದ ನೀತಿಪತ್ರ ಅಚ್ಚಾಗಿ ಬಂದಿತ್ತು, ಕೆಳಗೆ ತಾರೀಕೂ ಇತ್ತು. ಕೊನೆಯಲ್ಲಿ ಏನಾದರೂ ಪ್ರಶ್ನೆ ಇದೆಯಾ ಎಂದು ಕೇಳಿದರು, ಯಾರೂ ಕೈ ಎತ್ತಲಿಲ್ಲ, ಪಿಜ್ಜಾ ತಿಂದು ಎಲ್ಲರೂ ಮನೆಗೆ ಹೋದರು. ಆ ಸಭೆ ದಾಖಲೆಯಲ್ಲಿ ಪೂರ್ತಿ ಸರಿಯಾಗಿಯೇ ಕಾಣುತ್ತದೆ. ಎಷ್ಟು ಜನ ಬಂದರು ಅನ್ನೋದು ಅದರಲ್ಲಿದೆ. ಬಂದವರಿಗೆ ಏನು ಅರ್ಥವಾಯಿತು, ಅವರು ಹೇಳಿದ್ದರಿಂದ ಆ ಪತ್ರದಲ್ಲಿ ಒಂದು ಸಾಲಾದರೂ ಬದಲಾಯಿತೇ ಅನ್ನೋದು ಎಲ್ಲೂ ಇಲ್ಲ. ರಾಜ್ಯ ಇಲಾಖೆಗಳು ಕೇಳಬೇಕಾದದ್ದು ಈ ಎರಡನೇ ಪ್ರಶ್ನೆಯನ್ನು. ಪೋಷಕರು ಕೊಟ್ಟ ಸಲಹೆಗಳು ಯಾವುವು, ಯಾವುದನ್ನು ಒಪ್ಪಿದಿರಿ, ಯಾವುದನ್ನು ಬಿಟ್ಟಿರಿ, ಯಾಕೆ? ಕ್ಯಾಲಿಫೋರ್ನಿಯಾದ ಆ ಲಿಖಿತ ಉತ್ತರದ ನಿಯಮವನ್ನು ಬೇರೆ ರಾಜ್ಯಗಳೂ ತಂದುಕೊಂಡರೆ ಅರ್ಧ ಕೆಲಸ ಆಗುತ್ತದೆ.

ಅವರ ತಪ್ಪು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ ಮನೆಮಾತಿನ ಬಗ್ಗೆ ಒಂದು ಫಾರ್ಮ್ ಕೊಡುತ್ತಾರೆ. ಮಗು ಮೊದಲು ಕಲಿತ ಭಾಷೆ ಯಾವುದು, ಮನೆಯಲ್ಲಿ ಏನು ಮಾತಾಡುತ್ತೀರಿ. ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಕನ್ನಡದಲ್ಲೇ ಮಾತಾಡುವ ಮನೆಯವರು ಅಲ್ಲಿ ಇಂಗ್ಲಿಷ್ ಎಂದು ಬರೆಯುತ್ತಾರೆ. ಹಾಗೆ ಬರೆಯಿರಿ ಎಂದು ಹೊಸದಾಗಿ ಬಂದವರಿಗೆ ವಾಟ್ಸ್ಯಾಪ್ ಗುಂಪಿನಲ್ಲಿ ಹಳಬರೇ ಹೇಳಿಕೊಡುತ್ತಾರೆ. ಇಲ್ಲದಿದ್ದರೆ ಮಗುವನ್ನು ಇಎಸ್‌ಎಲ್‌ಗೆ, ಅಂದರೆ ಇಂಗ್ಲಿಷ್ ಬಾರದ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ತರಗತಿಗೆ ಹಾಕಿಬಿಡುತ್ತಾರೆ, ಹಿಂದೆ ಬೀಳುತ್ತದೆ ಅನ್ನೋ ಭಯ. ಭಯ ಅರ್ಥವಾಗುತ್ತದೆ. ಆದರೆ ನಡೆಯೋದು ಏನೆಂದು ಕೇಳಿ. ಬೇರೆ ಭಾಷೆ ಬರೆದರೆ ಮಗುವಿಗೆ ಒಂದು ಇಂಗ್ಲಿಷ್ ಪರೀಕ್ಷೆ ಕೊಡುತ್ತಾರೆ, ಕ್ಯಾಲಿಫೋರ್ನಿಯಾದಲ್ಲಿ ಅದರ ಹೆಸರು ಇಎಲ್‌ಪಿಎಸಿ, ಬಹಳ ರಾಜ್ಯಗಳಲ್ಲಿ ವಿಡಾ. ಅದರಲ್ಲಿ ಚೆನ್ನಾಗಿ ಮಾಡಿದ ಮಗುವನ್ನು ಯಾವ ವಿಶೇಷ ತರಗತಿಗೂ ಹಾಕೋದಿಲ್ಲ, ಅಲ್ಲಿಗೆ ಮುಗಿಯಿತು. ಸಹಾಯ ಬೇಕೆಂದು ಕಂಡರೆ ಶಾಲಾ ವರ್ಷ ಶುರುವಾಗಿ 30 ದಿನದೊಳಗೆ ನಿಮಗೆ ತಿಳಿಸಬೇಕು: ಯಾಕೆ ಗುರುತಿಸಿದೆವು, ಮಗು ಯಾವ ಮಟ್ಟದಲ್ಲಿದೆ, ಹೇಗೆ ಕಲಿಸುತ್ತೇವೆ, ಯಾವಾಗ ಹೊರಗೆ ಬರಬಹುದು. ಆ ತರಗತಿ ಬೇಡ ಎನ್ನುವ ಹಕ್ಕು ನಿಮಗಿದೆ. ಆಗಲೂ ವರ್ಷಕ್ಕೊಮ್ಮೆಯ ಇಂಗ್ಲಿಷ್ ಪರೀಕ್ಷೆ ಮಾತ್ರ ತಪ್ಪೋದಿಲ್ಲ.

ಇಂಗ್ಲಿಷ್ ಎಂದು ಬರೆದಾಗ ಮಗುವಿಗೆ ಸಿಗಬೇಕಾದ ಸಹಾಯ ತಪ್ಪುತ್ತದೆ, ಇದು ಒಂದು ಕಡೆ. ಇನ್ನೊಂದು ಕಡೆ ಡಿಸ್ಟ್ರಿಕ್ಟಿನ ಲೆಕ್ಕದಲ್ಲಿ ಕನ್ನಡ ಇಲ್ಲವೇ ಇಲ್ಲ ಎಂದಾಗುತ್ತದೆ. ಸಮಿತಿ ಬೇಕೋ ಬೇಡವೋ, ಯಾವ ಭಾಷೆಯಲ್ಲಿ ನೋಟಿಸು ಬೇಕು, ಯಾವ ಭಾಷೆಯ ದುಭಾಷಿಯನ್ನು ಹುಡುಕಬೇಕು ಎಂದು ನಿರ್ಧರಿಸುವಾಗ ಅವರು ನೋಡೋದು ಈ ಫಾರ್ಮುಗಳನ್ನು. ನಾವೇ ಇಲ್ಲ ಅಂದುಕೊಂಡ ಮೇಲೆ ಅವರು ನಮ್ಮನ್ನು ಎಲ್ಲಿ ಹುಡುಕಬೇಕು? ಮನೆಯಲ್ಲಿ ಕನ್ನಡ ಉಳಿಸಬೇಕೆಂದು ರಾಜ್ಯೋತ್ಸವದಲ್ಲಿ ವೇದಿಕೆ ಮೇಲೆ ಮಾತಾಡುವವರು, ಕನ್ನಡದ ಹೆಸರು ಬರೆಯಲು ಆ ಒಂದು ಫಾರ್ಮಿನಲ್ಲಿ ಹಿಂಜರಿಯೋದು ನನಗೆ ನಿಜವಾಗಿ ನೋವಾಗುತ್ತದೆ.

"ನಮ್ಮ ಏರಿಯಾದಲ್ಲಿ ಟೈಟಲ್ ಒನ್ ಶಾಲೆಯೇ ಇಲ್ಲ, ಇದೆಲ್ಲ ಬಡವರಿಗೆ" ಎನ್ನುವವರಿಗೂ ಒಂದು ಮಾತು. ಒಳ್ಳೆಯ ಸಂಬಳದ, ಒಳ್ಳೆಯ ಶಾಲೆಯ ಸಬರ್ಬ್‌ಗಳಲ್ಲಿ ನಮ್ಮಲ್ಲಿ ಬಹಳ ಜನ ಇದ್ದೇವೆ, ನಿಜ. ಆದರೆ ಎಲ್ಲರೂ ಐಟಿಯಲ್ಲಿಲ್ಲ. ಮೋಟೆಲಿನಲ್ಲಿ, ಗ್ಯಾಸ್ ಸ್ಟೇಷನ್ನಿನಲ್ಲಿ, ಅಡುಗೆಮನೆಗಳಲ್ಲಿ, ವೃದ್ಧರ ಆರೈಕೆಯಲ್ಲಿ ಕೆಲಸ ಮಾಡುವ ಕನ್ನಡಿಗರೂ ಇದ್ದಾರೆ. ಅವರ ಮಕ್ಕಳು ಹೋಗೋದು ಟೈಟಲ್ ಒನ್ ಶಾಲೆಗಳಿಗೆ. ಕೂಟದ ಕಾರ್ಯಕ್ರಮಗಳಿಗೆ ಅವರು ಬರೋದು ಕಡಿಮೆ, ಟಿಕೆಟ್ ದುಬಾರಿ, ಶನಿವಾರ ಕೆಲಸ. ಇನ್ನು ವಿಶೇಷ ಶಿಕ್ಷಣದ ಹಕ್ಕು, ದುಭಾಷಿಯ ಹಕ್ಕು ಯಾವ ಶಾಲೆಯಲ್ಲಿದ್ದರೂ ಇದೆ. ಮಗ-ಸೊಸೆ ಆಫೀಸಿಗೆ ಹೋದಾಗ ಮೊಮ್ಮಗನನ್ನು ಶಾಲೆಯಿಂದ ಕರೆತರುವ ಅಜ್ಜಿಯ ಕೈಗೆ ಚೀಟಿ ಕೊಡುವ ಟೀಚರ್ ಸಬರ್ಬಿನಲ್ಲೂ ಇದ್ದಾರೆ.

ಇದೆಲ್ಲ ಈಗ ಯಾಕೆ ಎಂದರೆ ಗಾಳಿ ಬದಲಾಗಿದೆ. 2025ರ ಮಾರ್ಚ್ 1ರಂದು ಇಂಗ್ಲಿಷನ್ನು ಅಧಿಕೃತ ಭಾಷೆ ಎಂದು ಸಾರಿದ ಅಧ್ಯಕ್ಷರ ಆದೇಶ ಬಂತು, ಇಂಗ್ಲಿಷ್ ಬಾರದವರಿಗೆ ಭಾಷಾ ಸೌಲಭ್ಯ ಕೊಡಬೇಕೆಂದಿದ್ದ 2000ದ ಆದೇಶ ರದ್ದಾಯಿತು. ಅದೇ ತಿಂಗಳು ಫೆಡರಲ್ ಶಿಕ್ಷಣ ಇಲಾಖೆಯ ಸಿಬ್ಬಂದಿಯನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುವುದಾಗಿ ಪ್ರಕಟಿಸಿದರು. ಇದನ್ನು ಕೇಳಿ ಇನ್ನೇನೂ ಉಳಿದಿಲ್ಲ ಎಂದು ಸುಮ್ನೆ ಕೂರುವವರಿದ್ದಾರೆ. ಆದೇಶ ಬೇರೆ, ಕಾಯ್ದೆ ಬೇರೆ. 1964ರ ನಾಗರಿಕ ಹಕ್ಕು ಕಾಯ್ದೆ ಇದೆ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಪರವಾಗಿ, ಇಂಗ್ಲಿಷ್ ಬಾರದ ಮಕ್ಕಳಿಗೆ ಶಾಲೆ ಸಹಾಯ ಮಾಡಲೇಬೇಕು ಎಂದು ಸುಪ್ರೀಂ ಕೋರ್ಟ್ ಕೊಟ್ಟ ಲಾವ್ ತೀರ್ಪು ಇದೆ. ವಿಶೇಷ ಶಿಕ್ಷಣದ ಕಾಯ್ದೆ, ಎಸ್ಸಾ ಕಾಯ್ದೆ ಎರಡೂ ಇವೆ. ಮೇಲಿನಿಂದ ನೋಡುವ ಕಣ್ಣು ಕಡಿಮೆ ಆದಾಗ ರಾಜ್ಯ ಏನು ಮಾಡುತ್ತದೆ, ಡಿಸ್ಟ್ರಿಕ್ಟ್ ಏನು ಮಾಡುತ್ತದೆ ಅನ್ನೋದನ್ನು ಕೆಳಗಿನಿಂದ ನೋಡುವವರು ಬೇಕು. ಆ ಕೆಲಸಕ್ಕೆ ಪೋಷಕರನ್ನು ಬಿಟ್ಟರೆ ಬೇರೆ ಯಾರಿದ್ದಾರೆ?

ಹಾಗಾಗಿ ಕೂಟಗಳ ಪದಾಧಿಕಾರಿಗಳಲ್ಲಿ ನನ್ನ ಕೋರಿಕೆ. ವರ್ಷಕ್ಕೆ ಒಂದು ಸಂಜೆ ಇದಕ್ಕೆ ಕೊಡಿ, ಆಗಸ್ಟ್ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು. ಟಿಕೆಟ್ ಬೇಡ. ಮನೆಮಾತಿನ ಫಾರ್ಮ್, ಟೈಟಲ್ ಒನ್ ಸಭೆ, ಐಇಪಿ ಈ ಮೂರನ್ನು ಕನ್ನಡದಲ್ಲಿ ಬಿಡಿಸಿ ಹೇಳುವ ಒಂದೂವರೆ ಗಂಟೆಯ ಕಾರ್ಯಕ್ರಮ ಸಾಕು. ನಮ್ಮಲ್ಲೇ ಶಾಲೆಗಳಲ್ಲಿ ಕೆಲಸ ಮಾಡುವ ಟೀಚರ್‌ಗಳು, ಸ್ಪೀಚ್ ಥೆರಪಿಸ್ಟ್‌ಗಳು, ವಕೀಲರು ಇದ್ದಾರೆ, ಕರೆದರೆ ಬರುತ್ತಾರೆ. ಆಯಾ ರಾಜ್ಯದ ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಕೂಟದ ಪುಟದಲ್ಲಿ ಹಾಕಿ. "ನನಗೆ ಕನ್ನಡದ ದುಭಾಷಿ ಬೇಕು" ಎಂದು ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿಯನ್ನು ಅಚ್ಚು ಹಾಕಿಸಿ ಹಂಚಿ, ಅಜ್ಜಿಯರ ಪರ್ಸಿನಲ್ಲಿ ಇರಲಿ. ಫೋನ್ ದುಭಾಷಿ ಸೇವೆಯಲ್ಲಿ ಕನ್ನಡ ಸಿಗುತ್ತದೆ ಎಂದು ಡಿಸ್ಟ್ರಿಕ್ಟಿಗೆ ಕೂಟದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆಯಿರಿ. ಒಬ್ಬ ತಾಯಿ ಕೇಳೋದಕ್ಕೂ ಒಂದು ಸಂಸ್ಥೆ ಕೇಳೋದಕ್ಕೂ ವ್ಯತ್ಯಾಸ ಇದೆ. ಟೈಟಲ್ ಒನ್ ಹಣ ಪಡೆಯುವ ಪ್ರತಿ ರಾಜ್ಯದಲ್ಲೂ ಇಲಾಖೆಗೆ ಸಲಹೆ ಕೊಡಲು ಒಂದು ಸಮಿತಿ ಇರಬೇಕು, ಅದರಲ್ಲಿ ಪೋಷಕರೂ ಇರಬೇಕು. ನಿಮ್ಮ ರಾಜ್ಯದಲ್ಲಿ ಅದಕ್ಕೆ ಜನರನ್ನು ಹೇಗೆ ಆರಿಸುತ್ತಾರೆ ಎಂದು ಇಲಾಖೆಯನ್ನು ವಿಚಾರಿಸಿ, ಒಂದು ಹೆಸರು ಕಳಿಸಿ.

ಕನ್ನಡ ಶಾಲೆ ನಡೆಸುವವರಿಗೆ: ನಾವು ಮಕ್ಕಳನ್ನು ಬಿಟ್ಟು ಹೋಗಲು ಬರುವ ಪೋಷಕರನ್ನು ವಾರ ವಾರ ನೋಡುತ್ತೇವೆ. ಯಾರು ಹೊಸಬರು, ಯಾರಿಗೆ ಶಾಲೆಯ ಪತ್ರ ಓದಲು ಕಷ್ಟ ಅನ್ನೋದು ನಮಗೆ ಬೇಗ ತಿಳಿಯುತ್ತದೆ. ಅವರ ಜೊತೆ ಮೊದಲ ಮೀಟಿಂಗಿಗೆ ಒಬ್ಬರು ಹೋಗಿ. ಅನುವಾದ ಮಾಡಲು ಬೇಡ, ಅದು ತರಬೇತಿ ಆದ ದುಭಾಷಿಯ ಕೆಲಸ. ಪಕ್ಕದಲ್ಲಿ ಕೂತಿರಲು, ಅರ್ಥವಾಗದ ಹಾಳೆಗೆ ಸಹಿ ಬೀಳದ ಹಾಗೆ ನೋಡಿಕೊಳ್ಳಲು.

ಪೋಷಕರಿಗೆ: ಮಕ್ಕಳ ಬಗ್ಗೆ ಮಾತಾಡುವಾಗ ಆ ಮಗುವನ್ನೋ ಅದರ ಅಕ್ಕನನ್ನೋ ದುಭಾಷಿ ಮಾಡಬೇಡಿ, ಶಾಲೆಯವರು ಮಾಡಲು ಹೊರಟರೂ ಬೇಡ ಎನ್ನಿ. ಫಾರ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಶಾಲೆ-ಪೋಷಕರ ಒಪ್ಪಂದದ ಪತ್ರ ಬಂದರೆ ಮನೆಗೆ ತಂದು ಓದಿ, ಅದರಲ್ಲಿ ನೀವು ಏನು ಮಾಡಬೇಕು ಎಂಬ ಸಾಲುಗಳ ಪಕ್ಕದಲ್ಲೇ ಶಾಲೆ ಏನು ಮಾಡಬೇಕು ಎಂಬುದೂ ಇರಬೇಕು, ಇಲ್ಲದಿದ್ದರೆ ಕೇಳಿ. ನೀತಿಪತ್ರದ ಬಗ್ಗೆ ಅಭಿಪ್ರಾಯ ಇದ್ದರೆ ಎರಡು ಸಾಲಾದರೂ ಸರಿ, ಬರವಣಿಗೆಯಲ್ಲಿ, ತಾರೀಕು ಹಾಕಿ ಕೊಡಿ, ಒಂದು ಪ್ರತಿ ಇಟ್ಟುಕೊಳ್ಳಿ. ಡಿಸ್ಟ್ರಿಕ್ಟ್ ಕೇಳದಿದ್ದರೆ ರಾಜ್ಯ ಇಲಾಖೆಯಲ್ಲಿ ದೂರು ಕೊಡಲು ಲಿಖಿತ ವಿಧಾನ ಇರಲೇಬೇಕು, ಅದೂ ಕಾಯ್ದೆಯಲ್ಲೇ ಇದೆ.

ನಮ್ಮ ತರಗತಿಯ ಪೋಷಕರು ಸೇರಿ ನಮ್ಮ ರಾಜ್ಯದ ನಿಯಮಗಳ ಎರಡು ಪುಟದ ಕನ್ನಡ ಕರಡನ್ನು ಬರೆಯಲು ಶುರು ಮಾಡಿದ್ದೇವೆ. ಬೇರೆ ರಾಜ್ಯದವರು ತಮ್ಮದನ್ನು ಬರೆಯುವುದಾದರೆ ನಮ್ಮ ಕರಡನ್ನು ಮಾದರಿಯಾಗಿ ತೆಗೆದುಕೊಳ್ಳಿ. ತಪ್ಪು ಕಂಡರೆ ತಿದ್ದಿ ಕಳಿಸಿ. ಕೂಟಗಳ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ಪತ್ರವನ್ನು ಓದಿ, ಆಗುತ್ತದೋ ಇಲ್ಲವೋ ಎಂದು ಉತ್ತರ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ವಂದನೆಗಳೊಂದಿಗೆ,
ಭಾನುವಾರದ ಕನ್ನಡ ತರಗತಿಯ ಒಬ್ಬ ಟೀಚರ್